ಟಾಕಿ ಬಂದಾಗ ಮೂಕಿ ತಾರೆಯರಿಗೆ ಕೈಕೊಟ್ಟದ್ದು ದನಿಯಾ, ಭಾಷೆಯಾ?

ಪ್ರಶ್ನೆ: ‘ಸಿಂಗಿನ್ ಇನ್ ದಿ ರೇನ್’ ನೋಡಿದೆ. ಅದರಲ್ಲಿ ಮೂಕಿ ಚಿತ್ರದ ದೊಡ್ಡ ಹೀರೋಯಿನ್ ಬಾಯಿ ತೆರೆದರೆ ಕೀರಲು ದನಿ. ಟಾಕಿ ಬಂದದ್ದೇ ಅವಳ ಕಥೆ ಮುಗಿಯುತ್ತದೆ. ನಿಜಕ್ಕೂ ಹೀಗೇ ಆಯ್ತಾ? ದನಿ ಚೆನ್ನಾಗಿಲ್ಲ ಅಂತ ಅಷ್ಟು ಜನ ಮನೆಗೆ ಹೋದರಾ? ನಮ್ಮ ದೇಶದಲ್ಲಿ ಏನಾಯ್ತು?

ಉತ್ತರ: ನೀವು ನೋಡಿದ ಸಿನಿಮಾದಿಂದಲೇ ಶುರು ಮಾಡೋಣ. ಅದು 1952ರದ್ದು. ಟಾಕಿ ಬಂದು ಕಾಲು ಶತಮಾನ ಆದಮೇಲೆ ಹಾಲಿವುಡ್ ತನ್ನ ಬಗ್ಗೆ ತಾನೇ ಮಾಡಿಕೊಂಡ ತಮಾಷೆ. ಕೀರಲು ದನಿಯ ನಾಯಕಿಯ ಪಾತ್ರ ಮಾಡಿದವಳು ಜೀನ್ ಹೇಗನ್. ಅವಳ ಮಾತಿಗೆ ಡೆಬಿ ರೆನಾಲ್ಡ್ಸ್ ಪಾತ್ರದ ಹುಡುಗಿ ಮೈಕ್ ಮುಂದೆ ನಿಂತು ಬೇರೆ ದನಿ ಕೊಡುವ ಸೀನ್ ಇದೆ ಅಲ್ವಾ? ಅಲ್ಲಿ ನಮಗೆ ಕೇಳಿಸುವ ಆ ನಯವಾದ ದನಿ ಡೆಬಿಯದಲ್ಲ, ಜೀನ್ ಹೇಗನ್‌ಳದೇ! ಅವಳ ನಿಜವಾದ ದನಿ ಅಷ್ಟು ಚೆನ್ನಾಗಿತ್ತು. ಅಂದರೆ ‘ಕೆಟ್ಟ ದನಿಯ ಮೂಕಿ ತಾರೆ’ ಅನ್ನುವ ಚಿತ್ರವನ್ನು ನಮ್ಮೆಲ್ಲರ ತಲೆಗೆ ತುಂಬಿದ ಸಿನಿಮಾವೇ ಒಂದು ಒಳ್ಳೆಯ ದನಿಯನ್ನು ಬಚ್ಚಿಟ್ಟುಕೊಂಡು ಆಟ ಆಡಿದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕಂದರೆ, ದನಿ ಒಂದರಿಂದಲೇ ಮುಳುಗಿದವರು ಕಡಿಮೆ. ಭಾಷೆಯಿಂದ, ಉಚ್ಚಾರದಿಂದ, ದುಬಾರಿ ಕಾಂಟ್ರಾಕ್ಟಿನಿಂದ, ಕೆಲಸದ ರೀತಿಯೇ ರಾತ್ರೋರಾತ್ರಿ ಬದಲಾದದ್ದರಿಂದ ಮುಳುಗಿದವರು ಜಾಸ್ತಿ. ನಮ್ಮ ದೇಶದಲ್ಲಂತೂ ಮುಖ್ಯವಾಗಿ ಭಾಷೆಯೇ.

ಕೀರಲು ದನಿಯ ದಂತಕಥೆ ಬೆಳೆದದ್ದು ಬಹುಮಟ್ಟಿಗೆ ಜಾನ್ ಗಿಲ್ಬರ್ಟ್ ಸುತ್ತ. 1920ರ ದಶಕದ ಕೊನೆಗೆ ಎಂಜಿಎಂ ಕಂಪನಿಯ ದೊಡ್ಡ ಪ್ರಣಯ ನಾಯಕ ಅವನು. ಗ್ರೆಟಾ ಗಾರ್ಬೊ ಜೊತೆ ಅವನ ಜೋಡಿ ಅಂದರೆ ಜನ ಮುಗಿಬೀಳುತ್ತಿದ್ದರು. 1929ರಲ್ಲಿ ಅವನ ‘ಹಿಸ್ ಗ್ಲೋರಿಯಸ್ ನೈಟ್’ ಬಂತು. ಅದರಲ್ಲಿ ಅವನು ನಾಯಕಿಯ ಮುಂದೆ ‘ಐ ಲವ್ ಯೂ, ಐ ಲವ್ ಯೂ’ ಅಂತ ಒಂದೇ ಸಮನೆ ಹೇಳುತ್ತಾನೆ. ಥಿಯೇಟರಿನಲ್ಲಿ ಜನ ಕಿಸಕ್ಕಂತ ನಕ್ಕರು. ಅಲ್ಲಿಂದ ಗಿಲ್ಬರ್ಟ್ ದನಿ ಹೆಣ್ಣು ದನಿ ಅನ್ನುವ ಸುದ್ದಿ ಊರೆಲ್ಲ ಹಬ್ಬಿತು.

ಆದರೆ ಗಿಲ್ಬರ್ಟ್ ನಟಿಸಿದ 1933ರ ‘ಕ್ವೀನ್ ಕ್ರಿಸ್ಟಿನಾ’ ಈಗಲೂ ಸಿಗುತ್ತದೆ, ಕೇಳಿ ನೋಡಿ. ಮಾಮೂಲಿ ಗಂಡಸಿನ ದನಿ. ಗುಡುಗು ಅಲ್ಲ, ಕೀರಲೂ ಅಲ್ಲ. ಹಾಗಾದರೆ ಜನ ನಕ್ಕಿದ್ದು ಯಾಕೆ? ಮೂಕಿಯಲ್ಲಿ ಪ್ರೇಮ ನಿವೇದನೆ ಅಂದರೆ ತೆರೆಯ ಮೇಲೆ ಎರಡು ಸಾಲು ಅಕ್ಷರ. ನೋಡುವವರು ಅದನ್ನು ತಮ್ಮ ಮನಸ್ಸಿನ ದನಿಯಲ್ಲಿ ಓದಿಕೊಳ್ಳುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಗಿಲ್ಬರ್ಟ್. ಕಾದಂಬರಿಯಲ್ಲಿ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಓದಿದರೆ ನಮಗೇನೂ ಅನಿಸುವುದಿಲ್ಲ. ಅದನ್ನೇ ಒಬ್ಬ ಬಸ್ ಸ್ಟಾಪಿನಲ್ಲಿ ನಿಂತು ಹುಡುಗಿಗೆ ಜೋರಾಗಿ ಹೇಳಲಿ, ಪಕ್ಕದಲ್ಲಿದ್ದವರಿಗೆ ನಗು ತಡೆಯೋಕೆ ಆಗಲ್ಲ. ನಮ್ಮ ಹುಡುಗರು ಆ ಮಾತಿಗೆ ಇಂಗ್ಲಿಷಿನ ‘ಐ ಲವ್ ಯೂ’ ಮೊರೆ ಹೋಗುವುದು ಸುಮ್ನೆ ಅಲ್ಲ. ಪಾಪ, ಅಮೆರಿಕದವರಿಗೆ ಆ ಅನುಕೂಲವೂ ಇರಲಿಲ್ಲ, ಅವರ ಹತ್ತಿರ ಇದ್ದದ್ದೇ ಅದೊಂದು.

ಇನ್ನೊಂದು ಲೆಕ್ಕಾಚಾರವೂ ಇತ್ತು. 1928ರ ಕೊನೆಗೆ ಗಿಲ್ಬರ್ಟ್ ಆರು ಚಿತ್ರಗಳಿಗೆ ಸಹಿ ಹಾಕಿದ್ದ, ಚಿತ್ರಕ್ಕೆ 2,50,000 ಡಾಲರ್. ಟಾಕಿ ಇನ್ನೂ ಯಾರ ಕೈಗೂ ಸರಿಯಾಗಿ ಹತ್ತಿರಲಿಲ್ಲ, ಮರುವರ್ಷ ಷೇರುಪೇಟೆ ಕುಸಿಯಿತು. ಅಂಥ ಹೊತ್ತಲ್ಲಿ ಈ ಕಾಂಟ್ರಾಕ್ಟು ಕಂಪನಿಗೆ ಬಿಸಿತುಪ್ಪ. ಸ್ಟುಡಿಯೋ ಮುಖ್ಯಸ್ಥ ಲೂಯಿ ಬಿ. ಮೇಯರ್‌ಗೂ ಅವನಿಗೂ ಮೊದಲೇ ಆಗಿಬರುತ್ತಿರಲಿಲ್ಲ. ಬೇಕಂತಲೇ ಅವನ ದನಿ ಕೆಡಿಸಿದರು ಅನ್ನುವವರೂ ಇದ್ದಾರೆ. ನನಗೆ ಅದು ನಂಬಿಕೆ ಬರುವುದಿಲ್ಲ. ಅಷ್ಟು ಕಷ್ಟಪಡುವ ಅಗತ್ಯ ಏನಿತ್ತು, ಒಂದರ ಹಿಂದೆ ಒಂದು ಸಪ್ಪೆ ಚಿತ್ರ ಕೊಟ್ಟರೆ ಸಾಕಿತ್ತು. ಗಾರ್ಬೊ ಹಟ ಹಿಡಿದಿದ್ದಕ್ಕೆ ‘ಕ್ವೀನ್ ಕ್ರಿಸ್ಟಿನಾ’ ಸಿಕ್ಕಿತು, ಅಷ್ಟೊತ್ತಿಗೆ ಕುಡಿತ ಅವನನ್ನು ಹಣ್ಣು ಮಾಡಿತ್ತು. 1936ರ ಜನವರಿಯಲ್ಲಿ ತೀರಿಕೊಂಡ, 38 ವರ್ಷ.

ಈಗ ಕೆಲಸದ ರೀತಿ ಬದಲಾಯಿತು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂಕಿ ಸೆಟ್ಟು ಅಂದರೆ ಗದ್ದಲದ ಜಾಗ. ಕ್ಯಾಮೆರಾ ಓಡುತ್ತಿರುವಾಗಲೇ ನಿರ್ದೇಶಕ ‘ಕಣ್ಣು ಮೇಲೆತ್ತು, ಈಗ ತಿರುಗು, ಈಗ ಅಳು’ ಅಂತ ಕೂಗುತ್ತಿದ್ದ. ನಟರಿಗೆ ಭಾವ ಬರಲಿ ಅಂತ ಪಿಟೀಲು ಬಾರಿಸುವವರನ್ನು ಪಕ್ಕದಲ್ಲೇ ಕೂರಿಸುತ್ತಿದ್ದರು. ಮೈಕ್ ಬಂತು, ಎಲ್ಲರೂ ಬಾಯಿ ಮುಚ್ಚಿದರು. ಕ್ಯಾಮೆರಾ ಗರಗರ ಸದ್ದು ಮಾಡುತ್ತದೆ ಅಂತ ಅದನ್ನೂ ಕ್ಯಾಮೆರಾಮನ್‌ನನ್ನೂ ಸೇರಿಸಿ ಗಾಜಿನ ಕಿಟಕಿ ಇರುವ ಒಂದು ಪೆಟ್ಟಿಗೆಯೊಳಗೆ ಹಾಕಿ ಬಾಗಿಲು ಹಾಕಿದರು. ಆತ ಒಳಗೆ ಬೆವರಿ ನೀರಾಗಿ ಆಚೆ ಬರುತ್ತಿದ್ದ. ಮೈಕ್ ಹೂಕುಂಡದಲ್ಲೋ ಟೆಲಿಫೋನಿನ ಹಿಂದೋ ಅಡಗಿರುತ್ತಿತ್ತು. ನಟರು ಅದರ ಹತ್ತಿರವೇ ನಿಲ್ಲಬೇಕು. ಒಂದು ಹೆಜ್ಜೆ ಆಚೆ ಹೋದರೆ ಮಾತು ಮಾಯ.

ಇದರ ಪೆಟ್ಟು ಜಾಸ್ತಿ ಬಿದ್ದದ್ದು ಮೈಯೆಲ್ಲ ಆಡಿಸಿ ನಟಿಸುವವರಿಗೆ. ಕ್ಲಾರಾ ಬೋ ಅಂಥವಳು. ಬ್ರೂಕ್ಲಿನ್ನಿನ ಬಡ ಮನೆಯ ಹುಡುಗಿ, ತೆರೆಯ ಮೇಲೆ ಒಂದು ಕಡೆ ನಿಂತವಳೇ ಅಲ್ಲ. 1929ರ ‘ದಿ ವೈಲ್ಡ್ ಪಾರ್ಟಿ’ ಅವಳ ಮೊದಲ ಟಾಕಿ, ನಿರ್ದೇಶಕಿ ಡೊರೊಥಿ ಆರ್ಜ್ನರ್. ಹೂಕುಂಡದ ಮುಂದೆ ಕಲ್ಲಿನಂತೆ ನಿಲ್ಲೋದು ಈ ಹುಡುಗಿಯಿಂದ ಆಗಲ್ಲ ಅಂತ ಆರ್ಜ್ನರ್‌ಗೆ ಗೊತ್ತಾಯ್ತು. ಮೀನು ಹಿಡಿಯುವ ಗಾಳದ ಕೋಲಿನ ತುದಿಗೆ ಮೈಕ್ ಕಟ್ಟಿಸಿ, ಅವಳು ಹೋದ ಕಡೆಯೆಲ್ಲ ತಲೆ ಮೇಲೆ ಅದನ್ನು ಹಿಡಿದುಕೊಂಡು ಬರುವಂತೆ ಮಾಡಿಸಿದಳು. ಇವತ್ತು ಶೂಟಿಂಗ್ ನೋಡೋಕೆ ಹೋದರೆ ಉದ್ದ ಕೋಲು ಹಿಡಿದು ನಿಂತಿರುತ್ತಾರಲ್ಲ, ಆ ಬೂಮ್ ಮೈಕಿನ ಪೂರ್ವಜ ಅದು. ಚಿತ್ರ ಓಡಿತು, ದನಿಯ ಬಗ್ಗೆ ದೊಡ್ಡ ತಕರಾರೇನೂ ಬರಲಿಲ್ಲ. ಆದರೆ ಕ್ಲಾರಾಗೆ ಮೈಕಿನ ಭಯ ಹೋಗಲಿಲ್ಲ. ಮಾತಾಡುವಾಗ ಕಣ್ಣು ತನಗೆ ಗೊತ್ತಿಲ್ಲದೆ ಮೇಲಕ್ಕೆ, ಮೈಕಿನ ಕಡೆಗೆ ಹೋಗುತ್ತಿತ್ತು. 1933ರಲ್ಲಿ ಸಿನಿಮಾ ಬಿಟ್ಟೇಬಿಟ್ಟಳು.

ನಿಜವಾಗಿ ದನಿಯಿಂದಲೇ ಹೋದವನು ಅಂದರೆ ನನಗೆ ನೆನಪಾಗುವುದು ಹಾಸ್ಯನಟ ರೇಮಂಡ್ ಗ್ರಿಫಿತ್. ಚಿಕ್ಕಂದಿನಲ್ಲೇ ಗಂಟಲು ಕೆಟ್ಟಿತ್ತು, ಪಿಸುಮಾತಿಗಿಂತ ಜೋರಾಗಿ ದನಿ ಏಳುತ್ತಿರಲಿಲ್ಲ. ನಟನಾಗಿ ಅವನ ಕೊನೆಯ ಪಾತ್ರ 1930ರ ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ನಲ್ಲಿ, ಗುಂಡಿಯೊಳಗೆ ನಾಯಕನ ಎದುರು ಸಾಯುವ ಫ್ರೆಂಚ್ ಸೈನಿಕ. ಒಂದು ಮಾತೂ ಇಲ್ಲ. ಆಮೇಲೆ ನಿರ್ಮಾಪಕನಾಗಿ ಚೆನ್ನಾಗಿಯೇ ಬದುಕಿದ.

ಹೊರದೇಶದಿಂದ ಬಂದವರ ಕಷ್ಟ ಬೇರೆ. ಮೂಕಿಗೆ ಗಡಿ ಇರಲಿಲ್ಲ, ಅಕ್ಷರದ ಕಾರ್ಡು ಬದಲಾಯಿಸಿದರೆ ಒಂದೇ ಚಿತ್ರ ಬರ್ಲಿನ್ನಿಗೂ ಹೋಗುತ್ತಿತ್ತು, ಬೊಂಬಾಯಿಗೂ ಬರುತ್ತಿತ್ತು. ಹಂಗೇರಿಯ ವಿಲ್ಮಾ ಬ್ಯಾಂಕಿ ಹಾಲಿವುಡ್ಡಿನ ಸುಂದರಿಯಾದದ್ದು ಹೀಗೆ. ಮಾತು ಬಂತು, ಅವಳ ಇಂಗ್ಲಿಷಿನ ಹಂಗೇರಿಯನ್ ವಾಸನೆ ಎಲ್ಲರ ಮೂಗಿಗೆ ಬಡಿಯಿತು. ಶ್ರೇಷ್ಠ ನಟನಿಗೆ ಕೊಡುವ ಮೊಟ್ಟಮೊದಲ ಆಸ್ಕರ್ ಗೆದ್ದ ಎಮಿಲ್ ಯಾನಿಂಗ್ಸ್ ಅದನ್ನು ಕಂಕುಳಲ್ಲಿಟ್ಟುಕೊಂಡು ಜರ್ಮನಿಗೆ ವಾಪಸ್ ಹೋದ. ಸ್ವೀಡನ್ನಿನ ಗಾರ್ಬೊ ವಿಷಯದಲ್ಲಿ ಮಾತ್ರ ಕಂಪನಿ ಭಾರಿ ಹುಷಾರಾಗಿತ್ತು. 1929 ಪೂರ್ತಿ ಅವಳನ್ನು ಮೂಕಿಯಲ್ಲೇ ಇಟ್ಟು, ಸ್ವೀಡನ್ ಮೂಲದ ಹುಡುಗಿಯ ಪಾತ್ರವೇ ಇರುವ ‘ಅನ್ನಾ ಕ್ರಿಸ್ಟಿ’ಯನ್ನು ಹುಡುಕಿ 1930ರಲ್ಲಿ ಬಾಯಿ ತೆರೆಸಿದರು. ‘ಗಾರ್ಬೊ ಮಾತಾಡುತ್ತಾಳೆ!’ ಅಂತಲೇ ಜಾಹೀರಾತು. ಚಿತ್ರ ಶುರುವಾಗಿ ಸುಮಾರು ಕಾಲು ಗಂಟೆ ಆದಮೇಲೆ ಅವಳು ಒಳಗೆ ಬರುತ್ತಾಳೆ, ಕುರ್ಚಿಗೆ ಕುಸಿದು ವಿಸ್ಕಿ ಕೇಳುತ್ತಾಳೆ. ದನಿ ಗಡಸು, ಉಚ್ಚಾರ ಸ್ವೀಡನ್ನಿನದೇ, ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬುದ್ಧಿ ಓಡಿಸಿದರೆ ಉಚ್ಚಾರದ ಸಮಸ್ಯೆಯನ್ನು ದಾಟಬಹುದಿತ್ತು ಅಂತ ಆಯ್ತಲ್ಲ. ಎಲ್ಲರಿಗೂ ಆ ಬುದ್ಧಿ ಖರ್ಚು ಮಾಡಲಿಲ್ಲ, ಅಷ್ಟೇ.

ಇನ್ನು ನಮ್ಮ ಕಡೆಗೆ ಬರೋಣ. ನನಗೆ ಇಷ್ಟವಾದ ಭಾಗ ಇದು.

1920ರ ದಶಕದಲ್ಲಿ ಒಳ್ಳೆ ಮನೆತನದ ಹಿಂದೂ ಅಥವಾ ಮುಸ್ಲಿಂ ಹೆಣ್ಣುಮಕ್ಕಳು ಸಿನಿಮಾಗೆ ಬರುವುದು ಕಡಿಮೆ. ಬಂದವರಲ್ಲಿ ಆಂಗ್ಲೋ ಇಂಡಿಯನ್ ಮತ್ತು ಯಹೂದಿ ಹುಡುಗಿಯರು ಬಹಳ. ಮನೆಯಲ್ಲಿ ಇಂಗ್ಲಿಷ್, ಹೆಸರು ಮಾತ್ರ ತೆರೆಗಾಗಿ ಇಟ್ಟದ್ದು. ರೆನೀ ಸ್ಮಿತ್ ‘ಸೀತಾದೇವಿ’ಯಾದರು. ರೂಬಿ ಮೈಯರ್ಸ್ ‘ಸುಲೋಚನಾ’ ಆದರು. ತೆರೆಯ ಮೇಲೆ ಇವರು ರಜಪೂತ ರಾಣಿ, ಮೊಘಲ್ ನರ್ತಕಿ, ಏನು ಬೇಕಾದರೂ ಆಗಬಹುದಿತ್ತು. ಯಾವ ಭಾಷೆ ಬರುತ್ತೆ ಅಂತ ಕೇಳುವವರಿಲ್ಲ.

ಸುಲೋಚನಾ ಪುಣೆಯಲ್ಲಿ ಹುಟ್ಟಿದ ಯಹೂದಿ ಹುಡುಗಿ, ಟೆಲಿಫೋನ್ ಆಪರೇಟರ್. ಈ ಕೆಲಸವನ್ನು ಸ್ವಲ್ಪ ಗಮನಿಸಿ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮುಖ ಕಾಣದ ಜನರಿಗೆ ಇಡೀ ದಿನ ಮಾತಾಡುವ ಕೆಲಸ, ಅಂದರೆ ದನಿಯೇ ಹೊಟ್ಟೆಪಾಡು. ಕೊಹಿನೂರ್ ಫಿಲ್ಮ್ ಕಂಪನಿಯ ಮೋಹನ್ ಭವನಾನಿ ಅಂಥವರನ್ನು ಕರೆದುಕೊಂಡು ಬಂದು ದನಿ ಬೇಡ, ಮುಖ ಸಾಕು ಅಂದರು. ಮುಂದೆ ಇಂಪೀರಿಯಲ್ ಕಂಪನಿಯಲ್ಲಿ ದೇಶದ ಅತಿ ದೊಡ್ಡ ತಾರೆಯಾದರು. ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ (1927) ಚಿತ್ರದಲ್ಲಿ ಒಬ್ಬರೇ ಎಂಟು ವೇಷ ಹಾಕಿದರು. ಅವರ ಸಂಬಳ ತಿಂಗಳಿಗೆ 5,000 ರೂಪಾಯಿ ಅಂತ ಹೇಳುತ್ತಾರೆ. ಆಗಿನ ಒಬ್ಬ ಮೇಷ್ಟ್ರಿಗೆ ಅದು ಎಷ್ಟೋ ವರ್ಷದ ದುಡಿಮೆ.

ಅದೇ ಇಂಪೀರಿಯಲ್ ಕಂಪನಿಯ ಅರ್ದೇಶಿರ್ ಇರಾನಿ ದೇಶದ ಮೊದಲ ಟಾಕಿ ‘ಆಲಂ ಆರಾ’ ಮಾಡಲು ಹೊರಟರು. ಕಂಪನಿಯ ಅತಿ ದೊಡ್ಡ ತಾರೆ ಸುಲೋಚನಾ, ಆದರೆ ನಾಯಕಿ ಆದದ್ದು ಜುಬೇದಾ. ಜುಬೇದಾ ಕೂಡ ಮೂಕಿ ತಾರೆಯೇ. ಆದರೆ ತಾಯಿ ಫಾತ್ಮಾ ಬೇಗಂ, 1926ರಲ್ಲೇ ಚಿತ್ರ ನಿರ್ದೇಶನ ಮಾಡಿದ ಹೆಂಗಸು. ಮನೆಯಲ್ಲಿ ಉರ್ದು. ಆ ಉರ್ದು ಒಂದಕ್ಕೇ ಜುಬೇದಾ ದಡ ಸೇರಿದರು, ಸುಲೋಚನಾ ಆಚೆ ಉಳಿದರು.

‘ಆಲಂ ಆರಾ’ದ ಶೂಟಿಂಗ್ ಕಥೆಯೂ ಚೆನ್ನಾಗಿದೆ. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ಹಗಲೆಲ್ಲ ರೈಲಿನ ಸದ್ದು. ಹಾಗಾಗಿ ರಾತ್ರಿ 1 ಗಂಟೆಯಿಂದ 4ರವರೆಗೆ, ರೈಲು ನಿಂತಾಗ ಶೂಟಿಂಗ್. ಚಿತ್ರ, ದನಿ ಎರಡೂ ಒಂದೇ ಫಿಲ್ಮಿನ ಮೇಲೆ ಅಚ್ಚಾಗುವ ತಾನಾರ್ ಯಂತ್ರ. ಮಾತು ತಪ್ಪಿದರೆ ಆಮೇಲೆ ಸರಿಮಾಡುವ ಮಾತೇ ಇಲ್ಲ, ಇಡೀ ಶಾಟ್ ಮತ್ತೆ ತೆಗೆಯಬೇಕು. ಯಂತ್ರ ಕೂರಿಸೋಕೆ ಬಂದ ಅಮೆರಿಕದ ಎಂಜಿನಿಯರ್ ವಿಲ್ಫೋರ್ಡ್ ಡೆಮಿಂಗ್ ದಿನಕ್ಕೆ 100 ರೂಪಾಯಿ ಕೇಳಿದ. ದುಬಾರಿ ಆಯ್ತು ಅಂತ ಇರಾನಿಯವರು ಅವನಿಂದಲೇ ಪಾಠ ಹೇಳಿಸಿಕೊಂಡು ರೆಕಾರ್ಡಿಂಗ್ ತಾವೇ ಮಾಡಿದರು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ, ಅಡಗಿಸಿಟ್ಟ ಮೈಕ್ ಎಲ್ಲಿದೆ ಅಂತ ನೆನಪಿಟ್ಟುಕೊಂಡು, ತಮ್ಮದಲ್ಲದ ಭಾಷೆಯಲ್ಲಿ ತಪ್ಪಿಲ್ಲದೆ ಮಾತಾಡಬೇಕಾದ ನಟನನ್ನು ಊಹಿಸಿಕೊಳ್ಳಿ.

ಅಂಥವರೇ ಆ ಚಿತ್ರದ ನಾಯಕ ಮಾಸ್ಟರ್ ವಿಠ್ಠಲ್. ಕತ್ತಿವರಸೆ, ಕುದುರೆ ಸವಾರಿ, ಹಾರಾಟದ ಚಿತ್ರಗಳ ರಾಜ, ಹಾಲಿವುಡ್ಡಿನ ಡಗ್ಲಸ್ ಫೇರ್‌ಬ್ಯಾಂಕ್ಸ್‌ಗೆ ಹೋಲಿಸುತ್ತಿದ್ದರು. ಶಾರದಾ ಸ್ಟುಡಿಯೋ ಜೊತೆ ಒಪ್ಪಂದ ಇತ್ತು, ಅದನ್ನು ಬಿಟ್ಟು ಇರಾನಿ ಹತ್ತಿರ ಬಂದರು. ಶಾರದಾದವರು ಕೋರ್ಟಿಗೆ ಹೋದರು. ವಿಠ್ಠಲ್ ಪರ ವಾದಿಸಿ ಗೆಲ್ಲಿಸಿದ ವಕೀಲರು ಯಾರು ಗೊತ್ತಾ? ಮಹಮ್ಮದ್ ಅಲಿ ಜಿನ್ನಾ. ಕೋರ್ಟಿನಲ್ಲೇನೋ ಗೆದ್ದರು, ಮೈಕ್ ಮುಂದೆ ಸೋತರು. ಮರಾಠಿ ನಾಲಿಗೆಗೆ ಉರ್ದು ಸಂಭಾಷಣೆ ಹೊರಳಲಿಲ್ಲ. ಇಷ್ಟೆಲ್ಲ ಮಾಡಿ ಕರೆತಂದವರನ್ನು ಬಿಡೋಕಾಗುತ್ತಾ? ರಾಜಕುಮಾರನನ್ನು ಚಿತ್ರದ ಬಹುಭಾಗ ಅರೆಪ್ರಜ್ಞೆಯಲ್ಲಿ ಇಟ್ಟುಬಿಟ್ಟರು. ನಾಯಕನಿಗೆ ಮಾತು ಬರದಿದ್ದರೆ ಮೂರ್ಛೆ ತಪ್ಪಿಸು, ಸಮಸ್ಯೆ ಬಗೆಹರಿಯಿತು! 1931ರ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್ ಥಿಯೇಟರಿನಲ್ಲಿ ಬಿಡುಗಡೆಯಾದಾಗ ಜನ ಕಿಕ್ಕಿರಿದು, ಪೊಲೀಸರು ಬರಬೇಕಾಯಿತು. ವಿಠ್ಠಲ್‌ಗೆ ಆಮೇಲೆ ಅಂಥ ದೊಡ್ಡ ಹಿಂದಿ ಪಾತ್ರ ಸಿಗಲಿಲ್ಲ. ಆದರೆ ಮರಾಠಿ ಚಿತ್ರಗಳಲ್ಲಿ ಎಷ್ಟೋ ವರ್ಷ ನಟಿಸಿದರು. ಅಲ್ಲಿ ಅವರ ದನಿ ಯಾರಿಗೂ ತೊಂದರೆ ಕೊಡಲಿಲ್ಲ, ನೋಡಿ.

ಸುಲೋಚನಾ ಸುಮ್ಮನೆ ಕೂರಲಿಲ್ಲ. ಸುಮಾರು ಒಂದು ವರ್ಷ ನಟನೆ ಬಿಟ್ಟು ಹಿಂದೂಸ್ತಾನಿ ಕಲಿತರು. ವಾಪಸ್ ಬಂದಾಗ ಹೊಸ ಕಥೆಯ ಅಪಾಯ ತಗೊಳ್ಳಲಿಲ್ಲ, ಜನಕ್ಕೆ ಗೊತ್ತಿದ್ದ ತಮ್ಮದೇ ಮೂಕಿಗಳನ್ನು ಒಂದೊಂದಾಗಿ ಮಾತಾಡಿಸಿದರು. 1928ರ ‘ಮಾಧುರಿ’ 1932ರಲ್ಲಿ ಟಾಕಿ ಆಯ್ತು. ‘ವೈಲ್ಡ್‌ಕ್ಯಾಟ್’ 1936ರಲ್ಲಿ ‘ಬಂಬಯಿ ಕಿ ಬಿಲ್ಲಿ’ ಆಯ್ತು. 1929ರಲ್ಲಿ ‘ಇಂದಿರಾ ಬಿ.ಎ.’ ಇತ್ತಲ್ಲ, ಅದು 1934ರಲ್ಲಿ ‘ಇಂದಿರಾ ಎಂ.ಎ.’! ಹುಡುಗಿ ಮಾತು ಕಲಿಯುವಷ್ಟರಲ್ಲಿ ಡಿಗ್ರಿಯೂ ಒಂದು ಮೆಟ್ಟಿಲು ಮೇಲೆ ಹೋಗಿತ್ತು. ಹೀಗೆ ನಾಲ್ಕೈದು ವರ್ಷ ಮತ್ತೆ ಮೇಲೇ ಇದ್ದರು. ಮೂಕಿಯಿಂದ ಟಾಕಿಗೆ ಬರಲಾಗದೆ ಹಾಳಾದವರು ಅಂತ ಅವರ ಬಗ್ಗೆ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೇನೂ ಆಗಲಿಲ್ಲ. ಬೇಡಿಕೆ ಕಡಿಮೆ ಆದದ್ದು ಆ ದಶಕದ ಕೊನೆಗೆ, ಹೊಸ ಮುಖಗಳು ಬಂದಾಗ. ಅದು ಯಾವ ಕಾಲದ ನಟಿಗೂ ಆಗುವಂಥದ್ದೇ.

ಇನ್ನೊಬ್ಬ ಮೂಕಿ ತಾರೆ ಗೋಹರ್ ಅವರದು ಇನ್ನೂ ಸಲೀಸು. ನಿರ್ದೇಶಕ ಚಂದೂಲಾಲ್ ಷಾ ಜೊತೆ ರಂಜಿತ್ ಚಿತ್ರ ಕಂಪನಿಗೆ ಅವರೇ ಪಾಲುದಾರರು. 1927ರ ‘ಗುಣಸುಂದರಿ’ಯನ್ನು 1934ರಲ್ಲಿ ಟಾಕಿ ಮಾಡಿ ತಾವೇ ನಟಿಸಿದರು. ಸ್ಟುಡಿಯೋ ಸ್ವಂತದ್ದಾದರೆ ದನಿ ಪರೀಕ್ಷೆಯಲ್ಲಿ ಫೇಲ್ ಮಾಡುವವರು ಯಾರು? ಸೀತಾದೇವಿಗೆ ಅಂಥ ಆಸರೆ ಇರಲಿಲ್ಲ, ಟಾಕಿ ಬಂದಮೇಲೆ ಮರೆಯಾದರು. ‘ಎ ಥ್ರೋ ಆಫ್ ಡೈಸ್’ (1929) ಉಳಿದಿದೆ, ನೋಡಿ. ಅಂಥ ಮುಖವನ್ನು ಒಂದು ಭಾಷೆಗೋಸ್ಕರ ಕಳೆದುಕೊಂಡೆವಲ್ಲ ಅನಿಸುತ್ತದೆ.

ಹಾಲಿವುಡ್ಡಿಗೆ ಅಷ್ಟಾಗಿ ಇಲ್ಲದ ಇನ್ನೊಂದು ಗೋಡೆ ನಮ್ಮಲ್ಲಿತ್ತು. ಹಾಡು. ನಮ್ಮ ಜನಕ್ಕೆ ಟಾಕಿ ಅಂದರೆ ಮಾತಿಗಿಂತ ಮೊದಲು ಹಾಡು. ‘ಆಲಂ ಆರಾ’ದಲ್ಲಿ ಏಳು. 1932ರ ‘ಇಂದ್ರಸಭಾ’ದಲ್ಲಿ ಸುಮಾರು 70! ನಟರೇ ಹಾಡಬೇಕು, ಅದೂ ಕ್ಯಾಮೆರಾ ಮುಂದೆ, ಆ ಕ್ಷಣದಲ್ಲೇ. ಹಾರ್ಮೋನಿಯಂ, ತಬಲಾದವರು ಕಣ್ಣಿಗೆ ಬೀಳದ ಹಾಗೆ ಮರೆಯಲ್ಲಿ ಕೂತಿರುತ್ತಿದ್ದರು. ಹಾಗಾಗಿ ನಾಟಕ ಕಂಪನಿಯ ಹಾಡುಗಾರ್ತಿ ಜಹನಾರಾ ಕಜ್ಜನ್, ಮಾಸ್ಟರ್ ನಿಸಾರ್ ಅಂಥವರು ಒಮ್ಮೆಗೇ ಮೇಲೆ ಬಂದರು. ಹಿನ್ನೆಲೆ ಗಾಯನ ಶುರುವಾದದ್ದು 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನಲ್ಲಿ. ಅದೇ ನಾಲ್ಕು ವರ್ಷ ಮೊದಲು ಬಂದಿದ್ದರೆ ಎಷ್ಟೋ ಮೂಕಿ ತಾರೆಯರಿಗೆ ಅರ್ಧ ಹೊರೆ ಇಳಿಯುತ್ತಿತ್ತು.

ಕನ್ನಡದ ಮಾತು ಬಂದರೆ, ನಮ್ಮಲ್ಲಿ ಕಳೆದುಕೊಳ್ಳಲು ಮೂಕಿ ತಾರೆಯರೇ ಹೆಚ್ಚಿರಲಿಲ್ಲ. ಬೆಂಗಳೂರಲ್ಲಿ ಸೂರ್ಯ ಫಿಲ್ಮ್ ಕಂಪನಿ ಮೂಕಿಗಳನ್ನು ತಯಾರಿಸುತ್ತಿತ್ತು, ಅದರ ಹಿಂದಿದ್ದವರು ಗುಜರಾತಿಗಳು. ಸುಲೋಚನಾರನ್ನು ತೆರೆಗೆ ತಂದರಲ್ಲ, ಅದೇ ಭವನಾನಿ ಮೃಚ್ಛಕಟಿಕದ ಕಥೆಯನ್ನು ‘ವಸಂತಸೇನಾ’ ಅಂತ ಮೂಕಿ ಮಾಡಿದರು. ಕಮಲಾದೇವಿ ಚಟ್ಟೋಪಾಧ್ಯಾಯ, ಏಣಾಕ್ಷಿ ರಾಮರಾವ್, ಟಿ.ಪಿ. ಕೈಲಾಸಂ ಅದರಲ್ಲಿದ್ದರು. ಕೈಲಾಸಂ! ಬಾಯಿ ತೆರೆದರೆ ಬೆಂಗಳೂರೇ ಕಿವಿಯಾಗುತ್ತಿದ್ದ ಮನುಷ್ಯನನ್ನು ಸಿನಿಮಾಗೆ ಕರೆದು, ಮಾತೇ ಇಲ್ಲದ ಪಾತ್ರ ಕೊಟ್ಟಿದ್ದಾರೆ. ಎಂಥ ನಷ್ಟ ಅಲ್ವಾ? ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಥಿಯೇಟರಿನಲ್ಲಿ ಬಂತು (ಇದು ಇಂದ್ರಜಿತುವಿನ ಹೆಂಡತಿ ಸುಲೋಚನೆ, ನಮ್ಮ ರೂಬಿ ಮೈಯರ್ಸ್ ಅಲ್ಲ). ಶೂಟಿಂಗ್ ಕೊಲ್ಹಾಪುರದಲ್ಲಿ. ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ಕಂಪನಿ ನಾಟಕದವರು. ಮೈಕ್ ಇಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸಿ ರೂಢಿ ಇದ್ದವರಿಗೆ ಟಾಕಿಯ ಭಯ ಏನು? ಮೂಕಿಯಿಂದ ದಾಟಿ ಬಂದವರು ನಿರ್ದೇಶಕ ವೈ.ವಿ. ರಾವ್. ಮೂಕಿಗಳಲ್ಲಿ ನಟಿಸಿ, ನಿರ್ದೇಶಿಸಿದ್ದ ತೆಲುಗಿನವರು. ಇದರಲ್ಲಿ ಲಕ್ಷ್ಮಣನ ಪಾತ್ರವನ್ನೂ ಮಾಡಿದರು.

‘ಆಲಂ ಆರಾ’ದ ಒಂದು ಪ್ರಿಂಟೂ ಉಳಿದಿಲ್ಲ, ವಿಠ್ಠಲ್ ಎಷ್ಟು ಕೆಟ್ಟದಾಗಿ ಮಾತಾಡಿದರು ಅಂತ ನಾವು ಕೇಳಿ ಹೇಳುವ ಹಾಗಿಲ್ಲ. ಸುಲೋಚನಾರನ್ನು ಕೇಳಬಹುದು. ‘ಅನಾರ್ಕಲಿ’ ಕಥೆಯಲ್ಲಿ ಅವರು ಮೂರು ಸಲ ನಟಿಸಿದರು. 1928ರ ಮೂಕಿಯಲ್ಲಿ ಅನಾರ್ಕಲಿ, 1935ರ ಟಾಕಿಯಲ್ಲೂ ಅನಾರ್ಕಲಿ. 1953ರಲ್ಲಿ ಬೀನಾ ರಾಯ್ ಅನಾರ್ಕಲಿ ಆದಾಗ ಇವರು ಸಲೀಮನ ತಾಯಿ. ಆ ಚಿತ್ರ ಸುಲಭವಾಗಿ ಸಿಗುತ್ತದೆ. ಎಲ್ಲರೂ ಲತಾ ಹಾಡಿಗೋಸ್ಕರ ನೋಡುತ್ತಾರೆ. ನೀವು ರಾಣಿಯಮ್ಮ ಬಂದಾಗ ಸೌಂಡ್ ಸ್ವಲ್ಪ ಜಾಸ್ತಿ ಮಾಡಿ ಕೇಳಿ.